ಬಸಿರಿಯ ಉಸಿರು, ಲಸಿಕೆಯ ಸೂಜಿ

ಮನೆಯ ಸೊಸೆ ಬಸಿರಾದಳೆಂಬ ಸುದ್ದಿ ಬಂದೊಡನೆ ಇಡೀ ಮನೆತನದ ನಡೆನುಡಿ ಬದಲಾಗುತ್ತದೆ. ಏನು ಉಣ್ಣಬೇಕು, ಏನನ್ನು ಬಿಡಬೇಕು, ಎಷ್ಟು ನಡೆಯಬೇಕು, ಯಾವಾಗ ತವರಿಗೆ ಕಳುಹಬೇಕು ಎಂಬ ವಿಚಾರಗಳು ಹಿರಿಯರ ಬಾಯಲ್ಲಿ ಆಡತೊಡಗುತ್ತವೆ. ಕುಬಸದ ಸೀರೆಯಷ್ಟೇ ಸಹಜವಾಗಿ ಈಗ ಆ ಪಟ್ಟಿಯಲ್ಲಿ ಮತ್ತೊಂದು ಸಂಗತಿ ಸೇರಿಕೊಂಡಿದೆ. ಅದು ಬಸಿರಿಗೆ ಹಾಕಿಸುವ ಲಸಿಕೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಾಳೆ, ತಾಯಿ ಕಾರ್ಡು ಕೈಗೆ ಬರುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚುಚ್ಚುಮದ್ದು ಆಗುತ್ತದೆ. ಬಹುಪಾಲು ತಾಯಂದಿರಿಗೆ ತೋಳಿನ ನೋವು, ಒಂದೆರಡು ದಿನದ ಮೈಬಿಸಿ ಬಿಟ್ಟರೆ ಬೇರೇನೂ ಆಗುವುದಿಲ್ಲ.

ಆದರೆ ಎಲ್ಲಿಯೋ ಒಬ್ಬ ಹೆಣ್ಣುಮಗಳಿಗೆ ಲಸಿಕೆಯಾದ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿತಂತೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಊರಿಗೆ ಊರೇ ಹಿಂಜರಿಯುತ್ತದೆ. ಕೆಲವರು ‘ನಮಗೆ ಲಸಿಕೆಯೇ ಬೇಡ’ ಎನ್ನುತ್ತಾರೆ. ಇನ್ನು ಕೆಲವರು ‘ಅದೆಲ್ಲ ಸುಳ್ಳು, ಹಾಗೆ ಆಗುವುದೇ ಇಲ್ಲ’ ಎಂದು ಬಾಯಿ ಮುಚ್ಚಿಸುತ್ತಾರೆ. ಈ ಎರಡು ಮಾತುಗಳೂ ಅರ್ಧಸತ್ಯಗಳು. ಎರಡರಿಂದಲೂ ತಾಯಿ-ಮಗುವಿಗೆ ಹಾನಿಯುಂಟು. ನಾವು ವೈದ್ಯರಲ್ಲ, ಆದರೆ ವೈದ್ಯಶಾಸ್ತ್ರವು ಈ ವಿಷಯದಲ್ಲಿ ಖಚಿತಪಡಿಸಿರುವ ಸಂಗತಿಗಳನ್ನು ಗೃಹಸ್ಥರ ಅರಿವಿಗೆ ತರುವುದು ಕರ್ತವ್ಯವೆಂದು ಬಗೆದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಲಸಿಕೆ ಏಕೆ ಬಂತು?

ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿ, ದನಕರುಗಳ ಸಗಣಿಯಲ್ಲಿ ಇರುತ್ತವೆ. ಶುದ್ಧಿಯಿಲ್ಲದ ಕುಡುಗೋಲಿನಿಂದಲೋ ಬ್ಲೇಡಿನಿಂದಲೋ ಹೊಕ್ಕುಳಬಳ್ಳಿಯನ್ನು ಕತ್ತರಿಸಿದಾಗ, ಅಥವಾ ಗಾಯದ ಮೇಲೆ ಸಗಣಿ, ಮಣ್ಣು ಮೆತ್ತಿದಾಗ, ಅವು ಕೂಸಿನ ಮೈಯನ್ನು ಸೇರುತ್ತವೆ. ಹುಟ್ಟಿದಾಗ ಚೆನ್ನಾಗಿ ಮೊಲೆಯುಂಡ ಕೂಸು ಕೆಲವು ದಿನಗಳಲ್ಲಿ ಬಾಯಿ ತೆರೆಯಲಾರದೆ, ಮೈ ಬಿಲ್ಲಿನಂತೆ ಬಾಗಿ ಪ್ರಾಣ ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೧೯೮೮ನೆಯ ಇಸವಿ ಒಂದರಲ್ಲಿಯೇ ಜಗತ್ತಿನಾದ್ಯಂತ ೭,೮೭,೦೦೦ ನವಜಾತ ಶಿಶುಗಳು ಈ ರೋಗದಿಂದ ಸತ್ತವು. ೨೦೧೮ರ ಹೊತ್ತಿಗೆ ಆ ಸಂಖ್ಯೆ ಸುಮಾರು ೨೫,೦೦೦ಕ್ಕೆ ಇಳಿಯಿತು. ಶುಚಿಯಾದ ಹೆರಿಗೆ ಮತ್ತು ಬಸಿರಿಯರಿಗೆ ಲಸಿಕೆ, ಇವೆರಡರ ಫಲ ಅದು. ನಮ್ಮ ದೇಶದ ಪ್ರತಿ ಜಿಲ್ಲೆಯಲ್ಲಿಯೂ ನವಜಾತ ಶಿಶುಗಳ ಧನುರ್ವಾಯು ಸಾವಿರ ಜನನಗಳಿಗೆ ಒಂದಕ್ಕಿಂತ ಕೆಳಗಿಳಿದಿದೆಯೆಂದು ೨೦೧೫ರಲ್ಲಿ ದೃಢಪಟ್ಟಿತು.

ಮೊದಲು ಧನುರ್ವಾಯುವಿಗೆ ಮಾತ್ರ ಇದ್ದ ಲಸಿಕೆಗೆ ಬದಲಾಗಿ ೨೦೧೯ರಿಂದ ಧನುರ್ವಾಯು ಮತ್ತು ಗಂಟಲಮಾರಿ ಎರಡಕ್ಕೂ ಒದಗುವ ‘ಟಿಡಿ’ ಲಸಿಕೆಯನ್ನು ಕೊಡಲಾಗುತ್ತಿದೆ. ಬಸಿರು ದಾಖಲಾದ ಕೂಡಲೇ ಒಂದು, ನಾಲ್ಕು ವಾರಗಳ ತರುವಾಯ ಇನ್ನೊಂದು. ಹಿಂದಿನ ಬಸಿರಿನಲ್ಲಿ, ಮೂರು ವರ್ಷದೊಳಗೆ ಎರಡೂ ಆಗಿದ್ದರೆ ಈ ಸಲ ಒಂದೇ ಸಾಕು. ತಾಯಿಯ ಮೈಯಲ್ಲಿ ಹುಟ್ಟಿದ ರಕ್ಷಣೆ ಮಾಸಿನ ಮೂಲಕ ಕೂಸಿಗೆ ಇಳಿಯುತ್ತದೆ. ಕೂಸು ಹುಟ್ಟುವ ಮೊದಲೇ ತಾಯಿ ಅದಕ್ಕೆ ಕೊಡುವ ಕಾಪು ಇದು.

ಬೇಲಿಯೇ ಎದ್ದು ಹೊಲ ಮೇಯ್ದಾಗ

ಇನ್ನು ಉಸಿರು ಕಟ್ಟುವ ಸಂಗತಿಗೆ ಬರೋಣ. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಎಂಬ ವಿಜ್ಞಾನಿಗಳು ಸಮುದ್ರಜೀವಿಯೊಂದರ ವಿಷದ ಬಗೆಗೆ ನಾಯಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಸ್ವಲ್ಪ ವಿಷ ಕೊಟ್ಟರೆ ಮುಂದಿನ ಬಾರಿಗೆ ದೇಹ ಗಟ್ಟಿಯಾಗುವುದೆಂದು ಅವರ ಎಣಿಕೆ. ಆದದ್ದು ಅದಕ್ಕೆ ವಿರುದ್ಧ. ಕೆಲವು ವಾರಗಳ ನಂತರ ಅತ್ಯಲ್ಪ ಪ್ರಮಾಣವನ್ನು ಮತ್ತೆ ಕೊಟ್ಟಾಗ ನಾಯಿ ಏದುಸಿರು ಬಿಡುತ್ತ ಕೆಲವೇ ನಿಮಿಷಗಳಲ್ಲಿ ಸತ್ತಿತು. ಅವರು ಇದನ್ನು ೧೯೦೨ರಲ್ಲಿ ಪ್ರಕಟಿಸಿ ‘ಅನಾಫಿಲ್ಯಾಕ್ಸಿಸ್’ ಎಂದು ಹೆಸರಿಟ್ಟರು. ರಕ್ಷಣೆಗೆ ವಿರುದ್ಧವಾದುದು ಎಂದು ಅದರ ಭಾವ. ರಿಶೆಯವರಿಗೆ ೧೯೧೩ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಯು ಈ ಸ್ಥಿತಿಗೆ ಸರಿಯಾಗಿ ಒಪ್ಪುತ್ತದೆ. ಮೈಯನ್ನು ಕಾಯಬೇಕಾದ ವ್ಯವಸ್ಥೆಯೇ ಮೈಯ ಮೇಲೆ ಬೀಳುತ್ತದೆ.

ಚರ್ಮ, ಶ್ವಾಸನಾಳ, ಕರುಳುಗಳಲ್ಲಿ ಮಾಸ್ಟ್ ಕೋಶಗಳೆಂಬ ಸೂಕ್ಷ್ಮ ಕೋಶಗಳಿವೆ. ದೇಹಕ್ಕೆ ಒಗ್ಗದ ವಸ್ತು ಒಳಹೊಕ್ಕಾಗ ಇವು ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಒಮ್ಮೆಲೇ ಸುರಿಸುತ್ತವೆ. ಆಗ ಚರ್ಮದ ಮೇಲೆ ಗಂದೆಗಳೇಳುತ್ತವೆ, ತುಟಿ, ನಾಲಗೆ, ಗಂಟಲು ಊದಿಕೊಳ್ಳುತ್ತವೆ, ಶ್ವಾಸನಾಳಗಳು ಬಿಗಿಯುತ್ತವೆ, ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಕುಸಿಯುತ್ತದೆ. ಶೇಂಗಾ, ಮೀನು, ಕಣಜದ ಕಡಿತ, ಪೆನಿಸಿಲಿನ್ ಇವುಗಳಿಂದ ಹೇಗೆ ಆಗಬಹುದೋ ಹಾಗೆಯೇ ಲಸಿಕೆಯಲ್ಲಿನ ಯಾವುದಾದರೊಂದು ಅಂಶದಿಂದಲೂ ಆಗಬಹುದು.

ಬಸಿರಿಯಲ್ಲಿ ಇದರ ತೀವ್ರತೆ ಹೆಚ್ಚು. ಏಕೆಂದರೆ ಅವಳು ಇಬ್ಬರಿಗಾಗಿ ಉಸಿರಾಡುತ್ತಿರುತ್ತಾಳೆ. ಬಸಿರಿನಲ್ಲಿ ಆಮ್ಲಜನಕದ ಅಗತ್ಯ ನೂರಕ್ಕೆ ಸುಮಾರು ೨೦ರಷ್ಟು ಏರುತ್ತದೆ. ಆದರೆ ಬೆಳೆಯುವ ಗರ್ಭವು ವಪೆಯನ್ನು ಮೇಲಕ್ಕೆ ತಳ್ಳುವುದರಿಂದ, ಉಸಿರು ಬಿಟ್ಟಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಖರ್ಚು ಹೆಚ್ಚು, ಗಂಟು ಕಡಿಮೆ ಎನ್ನುವ ಸ್ಥಿತಿ. ಉಸಿರಿಗೆ ಅಡ್ಡಿಯಾದರೆ ಅವಳ ರಕ್ತದಲ್ಲಿ ಆಮ್ಲಜನಕ ಬೇಗನೆ ಕುಗ್ಗುತ್ತದೆ. ಐದು ತಿಂಗಳು ತುಂಬಿದ ಮೇಲೆ ಅಂಗಾತ ಮಲಗಿದರೆ ಗರ್ಭದ ಭಾರವು ಹೃದಯಕ್ಕೆ ರಕ್ತವನ್ನು ಮರಳಿಸುವ ಮಹಾಸಿರೆಯನ್ನು ಒತ್ತಿ, ಕುಸಿದ ರಕ್ತದೊತ್ತಡವನ್ನು ಮತ್ತಷ್ಟು ಕುಸಿಯುವಂತೆ ಮಾಡುತ್ತದೆ. ಆಗ ಕೂಸಿಗೆ ಹೋಗುವ ರಕ್ತವೂ ಕುಂಠಿತವಾಗುತ್ತದೆ.

ಎಷ್ಟು ಅಪರೂಪ?

ಅಮೆರಿಕದಲ್ಲಿ ೨೦೦೯ರಿಂದ ೨೦೧೧ರವರೆಗೆ ನಾನಾ ಬಗೆಯ ಲಸಿಕೆಗಳ ಎರಡೂವರೆ ಕೋಟಿಗೂ ಮಿಕ್ಕ ಡೋಸುಗಳನ್ನು ಪರಿಶೀಲಿಸಿದಾಗ, ಅವುಗಳಿಂದ ಅನಾಫಿಲ್ಯಾಕ್ಸಿಸ್ ಆದುದು ೩೩ ಮಂದಿಗೆ. ಅಂದರೆ ಹತ್ತು ಲಕ್ಷ ಡೋಸುಗಳಿಗೆ ೧.೩೧. ಬ್ರಿಟನ್ನಿನಲ್ಲಿ ೨೦೧೨ರಿಂದ ೨೦೧೫ರವರೆಗೆ ನಡೆದ ಅಧ್ಯಯನದಲ್ಲಿ, ಯಾವುದೇ ಕಾರಣದಿಂದ ಬಸಿರಿಯರಲ್ಲಿ ಈ ಸ್ಥಿತಿ ಕಂಡದ್ದು ಲಕ್ಷಕ್ಕೆ ೧.೬ರಷ್ಟು, ಅದಕ್ಕೆ ಮುಖ್ಯ ಕಾರಣ ಹೆರಿಗೆಯ ವೇಳೆ ಕೊಡುವ ಆಂಟಿಬಯೋಟಿಕ್ ಔಷಧಿಗಳು.

ಕೋವಿಡ್ ಕಾಲದಲ್ಲಿ ಈ ವಿಷಯ ಜಗತ್ತಿನ ಗಮನಕ್ಕೆ ಬಂದಿತು. ೨೦೨೦ರ ಡಿಸೆಂಬರ್ ೮ರಂದು ಬ್ರಿಟನ್ನಿನಲ್ಲಿ ಫೈಜರ್ ಲಸಿಕೆ ಆರಂಭವಾದ ದಿನವೇ ಇಬ್ಬರು ಆರೋಗ್ಯ ಸಿಬ್ಬಂದಿಗೆ ತೀವ್ರ ಅಲರ್ಜಿಯಾಯಿತು, ಇಬ್ಬರೂ ಚೇತರಿಸಿಕೊಂಡರು. ಅಮೆರಿಕದಲ್ಲಿ ಅದೇ ತಿಂಗಳ ೧೪ರಿಂದ ೨೩ರವರೆಗೆ ಅದೇ ಲಸಿಕೆಯ ೧೮,೯೩,೩೬೦ ಮೊದಲ ಡೋಸುಗಳಲ್ಲಿ ೨೧ ಅನಾಫಿಲ್ಯಾಕ್ಸಿಸ್ ಪ್ರಕರಣಗಳು ದಾಖಲಾದವು. ಆ ೨೧ರಲ್ಲಿ ೧೫ ಮಂದಿಗೆ ಹದಿನೈದು ನಿಮಿಷದೊಳಗೇ ಲಕ್ಷಣಗಳು ತೋರಿದ್ದವು. ೧೭ ಮಂದಿಗೆ ಮೊದಲೇ ಯಾವುದಾದರೊಂದು ಅಲರ್ಜಿ ಇದ್ದಿತು. ಅದೇ ದೇಶದಲ್ಲಿ ಕೋವಿಡ್ ಲಸಿಕೆ ಪಡೆದ ೩೫,೬೯೧ ಬಸಿರಿಯರ ಮಾಹಿತಿಯನ್ನು ಕಲೆಹಾಕಿ ೨೦೨೧ರಲ್ಲಿ ಪ್ರಕಟಿಸಿದ ಮೊದಲ ವರದಿಯಲ್ಲಿ ಬಸಿರಿಗೆ ವಿಶೇಷ ಅಪಾಯದ ಸೂಚನೆ ಕಾಣಲಿಲ್ಲ.

ನಮ್ಮ ದೇಶದಲ್ಲಿಯೂ ಸತ್ಯವನ್ನು ಮರೆಮಾಚಿಲ್ಲ. ೨೦೨೧ರ ಮಾರ್ಚಿಯಲ್ಲಿ ೬೮ ವರ್ಷದ ಹಿರಿಯರೊಬ್ಬರು ಕೋವಿಡ್ ಲಸಿಕೆಯ ನಂತರ ಅನಾಫಿಲ್ಯಾಕ್ಸಿಸ್‌ನಿಂದ ತೀರಿಕೊಂಡುದನ್ನು ಲಸಿಕೋತ್ತರ ತೊಂದರೆಗಳ ರಾಷ್ಟ್ರೀಯ ಸಮಿತಿಯು ದೃಢಪಡಿಸಿತು. ಬಸಿರಿಯರಿಗೆ ಕೋವಿಡ್ ಲಸಿಕೆಗೆ ಕೇಂದ್ರ ಸರ್ಕಾರ ಒಪ್ಪಿಗೆಯಿತ್ತದ್ದು ಆ ವರ್ಷದ ಜುಲೈ ೨ರಂದು. ಅಷ್ಟರಲ್ಲಿ ಎರಡನೆಯ ಅಲೆ ಬಂದುಹೋಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ, ಸೋಂಕು ತಗುಲಿದ ಬಸಿರಿ-ಬಾಣಂತಿಯರಲ್ಲಿ ಸಾವಿನ ಪ್ರಮಾಣ ಮೊದಲ ಅಲೆಯಲ್ಲಿ ನೂರಕ್ಕೆ ೦.೭ ಇದ್ದುದು ಎರಡನೆಯ ಅಲೆಯಲ್ಲಿ ೫.೭ಕ್ಕೇರಿತ್ತು. ಒಂದು ತಕ್ಕಡಿಯಲ್ಲಿ ಲಕ್ಷಗಳಲ್ಲಿ ಎಣಿಸುವ ಅಪಾಯ, ಇನ್ನೊಂದರಲ್ಲಿ ನೂರರಲ್ಲಿ ಎಣಿಸುವ ಅಪಾಯ. ತೂಗಿ ನೋಡುವವರಿಗೆ ಇಷ್ಟು ಸಾಕು.

ಮೂರ್ಛೆಯೇ, ಅಲರ್ಜಿಯೇ?

ಸೂಜಿಯ ಬಳಿಕ ಕುಸಿದವರೆಲ್ಲರಿಗೂ ಅನಾಫಿಲ್ಯಾಕ್ಸಿಸ್ ಆಗಿರುವುದಿಲ್ಲ. ಸೂಜಿಯ ಅಂಜಿಕೆ, ಹಸಿವು, ಬಿಸಿಲಿನಲ್ಲಿ ನಿಂತ ದಣಿವು ಇವುಗಳಿಂದ ತಲೆಸುತ್ತಿ ಬೀಳುವವರೇ ಹೆಚ್ಚು. ಅಂಥವರ ಮುಖ ಬಿಳುಚಿಕೊಳ್ಳುತ್ತದೆ, ತಣ್ಣನೆಯ ಬೆವರು ಬರುತ್ತದೆ, ನಾಡಿ ನಿಧಾನವಾಗುತ್ತದೆ. ಮಲಗಿಸಿದರೆ ತುಸು ಹೊತ್ತಿನಲ್ಲಿ ಎಚ್ಚರವಾಗುತ್ತದೆ. ಉಸಿರಾಟದಲ್ಲಿ ಸೀಟಿಯಂಥ ಸದ್ದಿರುವುದಿಲ್ಲ, ಗಂದೆಗಳಿರುವುದಿಲ್ಲ. ಗಾಬರಿಯಿಂದ ವೇಗವಾಗಿ ಉಸಿರಾಡುವವರಿಗೆ ಬೆರಳು ಜುಮ್ಮೆನ್ನುತ್ತವೆ. ಸಮಾಧಾನ ಹೇಳಿದರೆ ತಿಳಿಯಾಗುತ್ತದೆ.

ಅನಾಫಿಲ್ಯಾಕ್ಸಿಸ್ ಹಾಗಲ್ಲ. ಮೈ ತುರಿಕೆ, ಗಂದೆ, ಮುಖದ ಊತ, ಗಂಟಲು ಬಿಗಿದ ಅನುಭವ, ದನಿ ಗೊಗ್ಗರಾಗುವುದು, ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ವಾಂತಿ, ಹೊಟ್ಟೆನೋವು ಇವುಗಳಲ್ಲಿ ಕೆಲವು ಒಟ್ಟೊಟ್ಟಿಗೆ ಬಂದು ಬೇಗಬೇಗನೆ ಏರುತ್ತವೆ. ನಾಡಿ ವೇಗವಾಗಿ ಓಡುತ್ತದೆ. ಬಸಿರಿಯಲ್ಲಿ ಸೊಂಟದ ನೋವು, ಗರ್ಭ ಬಿಗಿಯುವಿಕೆ, ಗುಹ್ಯಭಾಗದ ತುರಿಕೆಯೂ ತೋರಬಹುದು. ‘ನನಗೆ ಉಸಿರು ಸಿಗುತ್ತಿಲ್ಲವ್ವಾ’ ಎಂದು ಹೆಣ್ಣುಮಗಳು ಹೇಳಿದಾಗ ‘ಬಸಿರಿಯರಿಗೆ ಏದುಸಿರು ಇದ್ದದ್ದೇ’ ಎಂದು ಹಿರಿಯರು ಸುಮ್ಮನಾಗಬಾರದು. ಬಸಿರಿನ ಏದುಸಿರು ವಾರಗಳಿಂದ ಮೆಲ್ಲಗೆ ಬಂದದ್ದು. ಇದು ನಿಮಿಷಗಳಲ್ಲಿ ಬಂದದ್ದು. ಈ ವ್ಯತ್ಯಾಸವೊಂದನ್ನು ಅರಿತರೂ ಒಂದು ಜೀವ, ಅಲ್ಲ, ಎರಡು ಜೀವ ಉಳಿಯುತ್ತವೆ.

ಕೆಲವು ದಿನಗಳ ತರುವಾಯ ಬರುವ ಉಸಿರಾಟದ ತೊಂದರೆಯ ಮಾತು ಬೇರೆ. ಆಸ್ಟ್ರಾಜೆನೆಕಾ ಬಗೆಯ ಕೋವಿಡ್ ಲಸಿಕೆಯಿಂದ ಅತ್ಯಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗುತ್ತಿದ್ದುದು ನಿಜ. ಬ್ರಿಟನ್ ೨೦೨೧ರ ಏಪ್ರಿಲ್‌ನಲ್ಲಿ ಬಸಿರಿಯರಿಗೆ ಬೇರೆ ಲಸಿಕೆಗಳನ್ನು ಸೂಚಿಸಿತು. ಹಾಗೆಂದು ಲಸಿಕೆಯ ಮರುವಾರ ಆದದ್ದೆಲ್ಲವೂ ಲಸಿಕೆಯಿಂದಲೇ ಆದದ್ದಲ್ಲ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ, ರಕ್ತಹೀನತೆ, ಹೃದಯದ ದೌರ್ಬಲ್ಯ, ದಮ್ಮು ಇವು ಬಸಿರಿನಲ್ಲಿ ತಾವಾಗಿಯೂ ಬರುತ್ತವೆ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಕೂಡಿಬಂದರೆ ಕಾಗೆಯೇ ಬೀಳಿಸಿತೆಂದು ನಂಬುವುದನ್ನು ತರ್ಕಶಾಸ್ತ್ರದಲ್ಲಿ ಕಾಕತಾಲೀಯ ನ್ಯಾಯವೆನ್ನುತ್ತಾರೆ. ಆದರೆ ತರ್ಕವನ್ನು ಮುಂದೊಡ್ಡಿ ರೋಗಿಯನ್ನು ಮನೆಯಲ್ಲಿ ಕೂರಿಸಬಾರದು. ಕಾರಣ ಯಾವುದೇ ಇರಲಿ, ಉಸಿರಿಗೆ ಕಷ್ಟವಾದರೆ ಮೊದಲು ಆಸ್ಪತ್ರೆ, ಆಮೇಲೆ ಚರ್ಚೆ.

ಆ ಕ್ಷಣದಲ್ಲಿ ಏನು ಮಾಡಬೇಕು?

ಅನಾಫಿಲ್ಯಾಕ್ಸಿಸ್‌ಗೆ ಮೊದಲ ಮದ್ದು ಅಡ್ರಿನಲಿನ್. ಅದನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚಬೇಕು. ಪ್ರಾಯದವರಿಗೆ ಅರ್ಧ ಮಿಲಿಗ್ರಾಮ್. ಅಗತ್ಯವಿದ್ದರೆ ಐದು ನಿಮಿಷದ ತರುವಾಯ ವೈದ್ಯರು ಮತ್ತೊಮ್ಮೆ ಕೊಡುತ್ತಾರೆ. ಬಸಿರಿಗೆ ಕೊಟ್ಟರೆ ಕೂಸಿಗೆ ತೊಂದರೆಯಾದೀತೆಂದು ಹಿಂಜರಿಯುವುದು ತಪ್ಪು. ತಾಯಿಯ ಉಸಿರು, ರಕ್ತದೊತ್ತಡ ಉಳಿದರಷ್ಟೇ ಕೂಸು ಉಳಿಯುತ್ತದೆ. ಅಲರ್ಜಿಯ ಗುಳಿಗೆ, ಸ್ಟೀರಾಯ್ಡ್ ಮೊದಲಾದವು ಆಮೇಲಿನ ಮಾತು; ಅವು ಅಡ್ರಿನಲಿನ್‌ಗೆ ಬದಲಿಯಲ್ಲ. ಲಸಿಕೆ ಹಾಕುವ ಸ್ಥಳದಲ್ಲಿ ಈ ಮದ್ದಿನ ಪೆಟ್ಟಿಗೆ ಇರಬೇಕೆಂಬುದು ಸರ್ಕಾರದ ನಿಯಮ. ತರಬೇತಿ ಪಡೆದ ಆರೋಗ್ಯ ಸಹಾಯಕಿಯೂ ಮೊದಲ ಡೋಸನ್ನು ಕೊಟ್ಟು ಆಸ್ಪತ್ರೆಗೆ ಕಳುಹಬಹುದು.

ಮನೆಯವರು ಮಾಡಬೇಕಾದದ್ದು ಇಷ್ಟು. ಅವಳನ್ನು ನಡೆಸಬಾರದು, ಥಟ್ಟನೆ ಎಬ್ಬಿಸಿ ನಿಲ್ಲಿಸಬಾರದು. ಎಡಮಗ್ಗುಲಿಗೆ ಮಲಗಿಸಬೇಕು. ಮಲಗಿದರೆ ಉಸಿರಾಟ ಕಷ್ಟವೆಂದರೆ ಕಾಲು ಚಾಚಿ, ಬೆನ್ನಿಗೆ ಆನಿಕೆ ಕೊಟ್ಟು ಕೂರಿಸಬೇಕು. ಬಾಯಿಗೆ ನೀರು, ಹಾಲು ಹಾಕಬಾರದು. ಸಿಬ್ಬಂದಿಯನ್ನು ಕೂಗಿ ಕರೆಯಬೇಕು. ೧೦೮ಕ್ಕೆ ಫೋನ್ ಮಾಡಬೇಕು. ಮದ್ದಿನಿಂದ ಗುಣವಾದಂತೆ ಕಂಡರೂ ಕೆಲವು ಗಂಟೆಗಳ ನಂತರ ತೊಂದರೆ ಮರುಕಳಿಸುವುದುಂಟು. ಆದಕಾರಣ ಆಸ್ಪತ್ರೆಯಲ್ಲಿ ನಿಗಾದಲ್ಲಿರಿಸಿ, ಕೂಸಿನ ಎದೆಬಡಿತವನ್ನೂ ಪರೀಕ್ಷಿಸಿ, ವೈದ್ಯರು ಹೇಳಿದ ಮೇಲೆಯೇ ಮನೆಗೆ ಕರೆತರಬೇಕು.

ಮುಂಚಿತವಾಗಿ ಹೇಳಬೇಕಾದ ಮಾತುಗಳು

ಲಸಿಕೆಗೆ ಮೊದಲು ಮೂರು ವಿಷಯಗಳನ್ನು ಮುಚ್ಚಿಡದೆ ತಿಳಿಸಬೇಕು. ಮೊದಲನೆಯದು, ಹಿಂದೆ ಯಾವುದೇ ಲಸಿಕೆ, ಔಷಧಿ, ಆಹಾರ, ಕೀಟದ ಕಡಿತದಿಂದ ಗಂದೆ, ಊತ, ಉಸಿರುಕಟ್ಟು ಆಗಿತ್ತೇ ಎಂಬುದು. ಎರಡನೆಯದು, ದಮ್ಮು ಇದೆಯೇ, ಅದು ಹತೋಟಿಯಲ್ಲಿದೆಯೇ ಎಂಬುದು. ಹತೋಟಿಯಿಲ್ಲದ ದಮ್ಮಿನವರಲ್ಲಿ ಅಲರ್ಜಿಯ ಏಟು ಜೋರಾಗಿರುತ್ತದೆ. ಮೂರನೆಯದು, ಈಗ ಸೇವಿಸುತ್ತಿರುವ ಮಾತ್ರೆಗಳು. ಬಸಿರಿನ ರಕ್ತದೊತ್ತಡಕ್ಕೆ ಕೊಡುವ ಲ್ಯಾಬೆಟಲಾಲ್‌ನಂಥ ಔಷಧಿಯು ಅಡ್ರಿನಲಿನ್‌ನ ಪ್ರಭಾವವನ್ನು ತಗ್ಗಿಸಬಹುದು. ವೈದ್ಯರಿಗೆ ಮೊದಲೇ ತಿಳಿದಿದ್ದರೆ ಅವರು ಸಿದ್ಧರಿರುತ್ತಾರೆ.

ಇಲ್ಲಿ ನಮ್ಮ ಮನೆತನಗಳ ರೂಢಿಯೊಂದನ್ನು ನೆನೆಯಬೇಕು. ಮಗಳು ಬಾಲ್ಯದಲ್ಲಿ ಯಾವ ಮದ್ದಿಗೆ ಮೈ ಊದಿಸಿಕೊಂಡಿದ್ದಳೆಂಬುದು ಹೆತ್ತವ್ವನಿಗೆ ಗೊತ್ತು. ಮೊದಲ ಲಸಿಕೆ ಹಾಕಿಸುವವರು ಅತ್ತೆಮನೆಯವರು. ‘ಸಂಬಂಧಕ್ಕೆ ಅಡ್ಡಿಯಾದೀತು’ ಎಂದು ದಮ್ಮಿನ ಸಂಗತಿಯನ್ನು ಮದುವೆಯಲ್ಲಿ ಬಾಯಿಬಿಡದ ಮನೆಗಳೂ ಉಂಟು. ಆ ಮೌನವೇ ಮುಂದೆ ಮಗಳ ಉಸಿರಿಗೆ ಕುತ್ತಾಗಬಹುದು. ಬೀಗರ ನಡುವೆ ಬಿಗುಮಾನ ಬೇಡ. ಗೊತ್ತಿರುವುದನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿರಿ. ಕುಬಸ ಮುಗಿಸಿ ತವರಿಗೆ ಹೋಗುವಾಗ ಹಸಿರು ಬಳೆ, ಸೀರೆಗಳ ಜೊತೆಗೆ ಆ ಕಾರ್ಡೂ ಅವಳ ಚೀಲದಲ್ಲಿರಲಿ. ಲಸಿಕೆಯ ದಿನ ಏನಾದರೂ ಉಂಡು ಹೋಗಲಿ, ಜೊತೆಗೆ ಒಬ್ಬರಿರಲಿ. ಹಾಕಿಸಿಕೊಂಡ ಬಳಿಕ ಅರ್ಧ ಗಂಟೆ ಅಲ್ಲಿಯೇ ಕೂರಬೇಕೆಂಬ ನಿಯಮವನ್ನು ಬಸ್ಸಿನ ಹೊತ್ತಾಯಿತೆಂದು ಮುರಿಯಬೇಡಿರಿ. ಮದ್ದು ಕೈಯಳತೆಯಲ್ಲಿರುವುದು ಆ ಅರ್ಧ ಗಂಟೆಯಲ್ಲಿಯೇ.

ಒಬ್ಬಳ ನೋವೂ ಲೆಕ್ಕಕ್ಕೆ ಬರಲಿ

ಹತ್ತು ಲಕ್ಷಕ್ಕೆ ಒಂದು ಎಂಬ ಲೆಕ್ಕ ದೇಶಕ್ಕೆ ಸಮಾಧಾನ ಕೊಡಬಹುದು. ಆ ಒಬ್ಬಳಿಗೆ, ಅವಳ ಗಂಡನಿಗೆ, ಹೆತ್ತವರಿಗೆ ಆ ಲೆಕ್ಕ ಸಾಂತ್ವನ ಕೊಡದು. ಅವಳ ಮಾತನ್ನು ಸುಳ್ಳೆನ್ನುವುದು ವಿಜ್ಞಾನವಲ್ಲ, ನಿಷ್ಠುರತೆ. ಲಸಿಕೆಯ ಬಳಿಕ ಗಂಭೀರ ತೊಂದರೆಯಾದರೆ ಆರೋಗ್ಯ ಕೇಂದ್ರಕ್ಕೆ ಅಥವಾ ಜಿಲ್ಲಾ ಲಸಿಕಾಧಿಕಾರಿಗೆ ವರದಿ ಮಾಡಬೇಕು. ವರದಿಯಾದರೆ ತನಿಖೆಯಾಗುತ್ತದೆ, ಲಸಿಕೆಯ ತಂಡದಲ್ಲಿ ದೋಷವಿದ್ದರೆ ಬಯಲಾಗುತ್ತದೆ, ಮುಂದಿನ ತಾಯಿಗೆ ಎಚ್ಚರಿಕೆ ಸಿಗುತ್ತದೆ. ಸರ್ವೋಚ್ಚ ನ್ಯಾಯಾಲಯವು ೨೦೨೨ರ ಮೇ ೨ರಂದು ನೀಡಿದ ತೀರ್ಪಿನಲ್ಲಿ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದು ಹೇಳಿತು. ಜೊತೆಗೆ ಜನರೂ ಖಾಸಗಿ ವೈದ್ಯರೂ ಇಂಥ ತೊಂದರೆಗಳನ್ನು ನೇರವಾಗಿ ದಾಖಲಿಸುವ ವ್ಯವಸ್ಥೆಯಾಗಬೇಕೆಂದೂ ಸೂಚಿಸಿತು.

ಒಮ್ಮೆ ತೀವ್ರ ಅಲರ್ಜಿಯಾದ ತಾಯಿಗೆ ಅದೇ ಲಸಿಕೆಯನ್ನು ಮತ್ತೆ ಕೊಡಬಾರದು. ಅವಳಿಗೆ ಆದುದು ಏನೆಂದು ತಜ್ಞರು ಪರೀಕ್ಷಿಸಿ ಬರೆದುಕೊಡಬೇಕು. ಎಲ್ಲ ಲಸಿಕೆಗಳೂ ಅವಳಿಗೆ ವರ್ಜ್ಯವೆಂದಲ್ಲ. ಕಾರಣವಾದ ಅಂಶ ಯಾವುದರಲ್ಲಿದೆಯೋ ಅದಷ್ಟೇ. ಲಸಿಕೆ ಪಡೆಯಲಾಗದ ಅಂಥವಳಿಗೆ ಕಾವಲು ಯಾರು? ಹೆರಿಗೆ ಮಾಡಿಸುವ ಶುಚಿಯಾದ ಕೈಗಳು ಅವಳ ಕಾವಲು. ಗಂಟಲಮಾರಿ, ಕೋವಿಡ್‌ನಂಥ ಹರಡುವ ರೋಗಗಳಲ್ಲಿ ಲಸಿಕೆ ಪಡೆದ ನೆರೆಹೊರೆಯವರೂ ಅವಳ ಕಾವಲು. ಆಗದವಳ ಸಲುವಾಗಿಯಾದರೂ ಆಗುವವರು ಹಾಕಿಸಿಕೊಳ್ಳಬೇಕು.

ಆದುದರಿಂದ ಸದ್ಭಕ್ತ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೇ. ಅಂಜಿಕೆಯಿಂದ ಲಸಿಕೆಯನ್ನು ಬಿಡಬೇಡಿರಿ, ಹುಂಬತನದಿಂದ ಎಚ್ಚರವನ್ನೂ ಬಿಡಬೇಡಿರಿ. ಈ ವಾರ ನಿಮ್ಮ ಮನೆಯ ಮಗಳೋ ಸೊಸೆಯೋ ಲಸಿಕೆಗೆ ಹೊರಟಿದ್ದರೆ, ಅವಳನ್ನು ಹತ್ತಿರ ಕೂರಿಸಿಕೊಂಡು ‘ನಿನಗೆ ಹಿಂದೆ ಯಾವುದಾದರೂ ಮದ್ದು ಒಗ್ಗದೆ ಹೋಗಿತ್ತೇನವ್ವಾ’ ಎಂದು ಒಂದು ಮಾತು ಕೇಳಿರಿ. ಅವಳು ಹೇಳಿದ್ದನ್ನು ಕಾರ್ಡಿನ ಮೇಲೆ ಬರೆಯಿಸಿರಿ.